ಕಾಳಿ ಹೊಳೆಯಲ್ಲಿ ಹೇಳಿದ ಒಡಪು

ಈ ಬೀಳ್ಕೊಡುಗೆ ಸಮಾರಂಭದ ಅಧ್ಯಕ್ಷತೆ ವಹಿಸಿರುವ ನಮ್ಮ ಆಡಳಿತ ಮಂಡಳಿಯ ಪೀರಪ್ಪನವರೇ, ವೇದಿಕೆಯ ಮೇಲಿರುವ ಗಣ್ಯರೇ, ಕಲಬುರಗಿಯಿಂದ ಈ ಬಿಸಿಲಲ್ಲಿ ಬಸ್ಸು ಹಿಡಿದು ಬಂದಿರುವ ನನ್ನ ಹಳೆಯ ವಿದ್ಯಾರ್ಥಿನಿಯರೇ, ಮುಂದಿನ ಸಾಲಿನಲ್ಲಿ ನನ್ನ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿರುವ ನಮ್ಮ ಮನೆಯವರೇ, ಮತ್ತು ಸಭಿಕರೇ.

ಈ ಕಮಲಾಪುರದ ಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಕನ್ನಡ ಕಲಿಸಿದೆ. ಅಂದರೆ ಇಪ್ಪತ್ತೊಂಬತ್ತು ವರ್ಷ ಬೆಳಗ್ಗೆ ಕಲಬುರಗಿಯ ಜಗತ್ ಸರ್ಕಲಿನಲ್ಲಿ ಬಸ್ಸು ಹತ್ತಿದೆ, ಸಂಜೆ ಅಲ್ಲೇ ಇಳಿದೆ. ಇಷ್ಟು ವರ್ಷವೂ ನಿಮಗೆಲ್ಲ "ಗದ್ದಲ ಮಾಡಬ್ಯಾಡ್ರಿ" ಎಂದು ಕೂಗಿದವಳು ನಾನು. ಇಂದು ನೀವು ಇಷ್ಟೊಂದು ಸುಮ್ಮನೆ ಕುಳಿತಿರುವುದನ್ನು ಕಂಡರೆ ನನಗೇ ಭಯವಾಗುತ್ತಿದೆ.

ನಿರೂಪಣೆ ಮಾಡುತ್ತಿರುವ ಮಾನಮ್ಮ ಟೀಚರ್ ಈಗ ತಾನೇ ಒಂದು ಮಾತು ಹೇಳಿಬಿಟ್ಟರು. "ಭಾಷಣದ ಕಡೀಕ ನೀಲಗಂಗಮ್ಮ ಟೀಚರ್ ಮನಿಯವರ ಹೆಸರ ಹಿಡದು ಒಂದು ಒಡಪು ಹೇಳಬೇಕ್ರೀ!" ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಗಂಡನ ಹೆಸರು ಬಾಯಿಗೆ ಬಂದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಹೇಳಿಯೇ ನಮ್ಮನ್ನು ಬೆಳೆಸಿದರು. ಹೇಳಲೇಬೇಕಾಗಿ ಬಂದಾಗ, ಮದುವೆಯ ಹೊಸ್ತಿಲಲ್ಲಿ, ಆರತಿಯ ಮುಂದೆ, ಪ್ರಾಸ ಕೂಡಿಸಿ ಎರಡು ಸಾಲು ಕಟ್ಟಿ ಅದರ ತುದಿಗೆ ಹೆಸರನ್ನು ಇಡಬೇಕು. ಈ ಸಭೆಯಲ್ಲಿರುವ ಅರ್ಧ ಹೆಂಗಸರಿಗೆ ಒಡಪು ಕಟ್ಟಿಕೊಟ್ಟವಳು ನಾನೇ. ಅಂಥವಳು ಎಂಟು ವರ್ಷಗಳಿಂದ ಒಂದೂ ಒಡಪು ಹೇಳಿಲ್ಲವೇಕೆ? ಯಾವ ಮದುವೆಯಲ್ಲೂ ಹೇಳಲಿಲ್ಲವೇಕೆ? ಸ್ವಂತ ತಂಗಿಯ ಬಸುರಿ ಮಗಳ ಕುಬಸದಲ್ಲೂ ಎದ್ದು ಅಡುಗೆಮನೆಗೆ ಹೋದೆನೇಕೆ? ಮಾನಮ್ಮನಿಗೆ ಅರ್ಧ ಗೊತ್ತು. ಇನ್ನರ್ಧವನ್ನು ಇವತ್ತು ಹೇಳದಿದ್ದರೆ ಇನ್ನು ಯಾವ ಸಭೆಯಲ್ಲಿ ಹೇಳಲಿ?

ತೊಂಬತ್ತೊಂಬತ್ತರ ದಸರಾ ರಜೆ. ನಮ್ಮ ಚಿತ್ರಕಲಾ ಮಾಸ್ತರರಾದ ಶಫಿ ಸರ್ ಪತ್ರಿಕೆಯೊಂದರಲ್ಲಿ ರಬ್ಬರ್ ದೋಣಿಯ ಚಿತ್ರ ನೋಡಿದರು. ದಾಂಡೇಲಿಯ ಕಾಳಿ ನದಿ, ಕಲ್ಲುಗಳ ನಡುವೆ ಬೆಳ್ಳಗೆ ನೊರೆಯೆದ್ದು ಧುಮುಕುವ ನೀರು, ಅದರ ಮೇಲೆ ಹಲ್ಲು ಕಿರಿಯುತ್ತ ಕುಳಿತ ಜನ. ನಮ್ಮ ಮನೆಗಳಲ್ಲಿ ನಳದ ನೀರು ಬರುವುದು ಎರಡು ದಿನಕ್ಕೊಮ್ಮೆ. ಅಂಥ ನಾವು ನೀರಿನ ಜೊತೆ ಆಟವಾಡಲು ನಾನೂರು ಕಿಲೋಮೀಟರ್ ಹೋದೆವು. ಒಬ್ಬರಿಗಾದರೂ ಈಜು ಬರುತ್ತಿತ್ತೇ? ಇಲ್ಲ.

ನಮ್ಮ ಮನೆಯವರೂ ಬಂದರು. ನನ್ನೊಬ್ಬಳನ್ನೇ ಎಲ್ಲಿಗೂ ಕಳಿಸುತ್ತಿರಲಿಲ್ಲ. ಶಿಸ್ತಿನ ಮನುಷ್ಯರು. ಸಂಜೆ ಐದೂವರೆಗೆ ಕೈಗಡಿಯಾರ ನೋಡುತ್ತ ಬಾಗಿಲಲ್ಲಿ ನಿಲ್ಲುತ್ತಿದ್ದರು. ದಾರಿಯ ಮಹಾಗಾಂವದಲ್ಲಿ ಬಸ್ಸು ಎಷ್ಟು ನಿಮಿಷ ತಡವಾಯಿತೋ ಅಷ್ಟು ನಿಮಿಷ ನಾನು ಹೊಸ್ತಿಲ ಹೊರಗೆ ನಿಲ್ಲಬೇಕು. ನಗಬಹುದು, ತಮಾಷೆಗೆ ಹೇಳುತ್ತಿದ್ದೇನೆ. ಸಾರಿಗೆ ಉಪ್ಪು ಕಡಿಮೆಯಾದರೆ ತಾಟು ಗೋಡೆಗೆ ಹೋಗುತ್ತಿತ್ತು. ಹಾಗಾಗಿ ನಮ್ಮ ಮನೆಯ ಒಂದು ತಾಟೂ ನೆಲದ ಮೇಲೆ ನೆಟ್ಟಗೆ ಕೂಡುತ್ತಿರಲಿಲ್ಲ. ಊಟಕ್ಕೆ ಬಂದವರು ಎಡಗೈಯಲ್ಲಿ ತಾಟನ್ನು ಒತ್ತಿ ಹಿಡಿದು ಉಣ್ಣಬೇಕಾಗಿತ್ತು. ಇರಲಿ, ಎಲ್ಲರ ಮನೆಯಲ್ಲೂ ಇರುವುದೇ. ಹೊಳೆಗೆ ಬರೋಣ.

ದೋಣಿಯಲ್ಲಿ ಎಂಟು ಜನ. ಆರು ಮಂದಿ ಶಿಕ್ಷಕರು, ನಮ್ಮ ಮನೆಯವರು, ಮತ್ತು ದೋಣಿ ನಡೆಸುವ ನೇಪಾಳದ ಗೈಡ್. ಐವತ್ತರ ಗಂಡಸು, ನೆರೆತ ಮೀಸೆ, ಹಿಂದಿಯಲ್ಲಿ ಮಾತು. "ಆಗೇ" ಎಂದರೆ ಹುಟ್ಟು ಹಾಕಬೇಕು, "ನೀಚೇ" ಎಂದರೆ ಕೆಳಗೆ ಕೂತು ಹಗ್ಗ ಹಿಡಿಯಬೇಕು ಎಂದು ದಂಡೆಯ ಮೇಲೆ ಮೂರು ಸಲ ಹೇಳಿಕೊಟ್ಟ. ಆದರೆ ಆರು ಜನ ಶಿಕ್ಷಕರಿರುವ ದೋಣಿಯಲ್ಲಿ ಹೇಳುವವರೇ ಎಲ್ಲ, ಕೇಳುವವರು ಯಾರು? ಮಾನಮ್ಮನಂತೂ ಜೀವರಕ್ಷಕ ಜಾಕೆಟ್ಟಿನೊಳಗೆ ಎಂಟು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಂದಿದ್ದರು. ಜಾಕೆಟ್ಟಿನ ಪಟ್ಟಿ ಕೂಡಲೊಲ್ಲದು. "ಮಾಜೀ, ಯೇ ಕ್ಯಾ ಹೈ?" ಎಂದು ಆತ ಕೇಳಿದರೆ, "ನಡಬರಕ ಹಸಿವ್ಯಾದ್ರ ನೀ ಕೊಡ್ತೀಯೇನಪ್ಪಾ?" ಎಂದು ಕನ್ನಡದಲ್ಲೇ ಜಗಳಕ್ಕೆ ನಿಂತರು.

ನೀರು ಧುಮುಕುವ ಮೂರು ಇಳುಕಲುಗಳನ್ನು ಚೀರುತ್ತ ದಾಟಿದೆವು. ನಾಲ್ಕನೆಯದರ ಬಾಯಿಗೆ ಬಂದಾಗ ಗೈಡ್ "ನೀಚೇ" ಎಂದು ಕೂಗಿದ. ನೀರಿನ ಸದ್ದಿಗೆ ಯಾರಿಗೂ ಕೇಳಿಸಲಿಲ್ಲ. ಆಗ ಆತ ಸೀಟಿ ಊದಿದ. ಸಭಿಕರೇ, ಸೀಟಿ ಊದಿದರೆ ಶಾಲೆಯವರು ಏನು ಮಾಡುತ್ತಾರೆ? ಆರು ಜನರೂ ಒಟ್ಟಿಗೆ ಎದ್ದು ನಿಂತೆವು. ಪ್ರಾರ್ಥನೆಗೆ ನಿಂತ ಹಾಗೆ, ನೆಟ್ಟಗೆ!

ದೋಣಿ ಓರೆಯಾಯಿತು. ಶಫಿ ಸರ್ ಗೈಡ್‌ನ ಕಾಲು ತಬ್ಬಿಕೊಂಡು ಉಳಿದರು. ನಾವು ಉಳಿದವರೆಲ್ಲ ನೀರಿಗೆ. ಮಾನಮ್ಮನ ರೊಟ್ಟಿಗಳು ನಮಗಿಂತ ಮುಂದೆ ತೇಲಿಹೋದವು. ಕೆಳಗಿನ ಮಡುವಿನಲ್ಲಿ ಗೈಡ್ ಒಬ್ಬೊಬ್ಬರನ್ನೇ ಜಾಕೆಟ್ಟು ಹಿಡಿದು ಮೇಲೆಳೆದ. ಎಳೆದು ಮುಗಿದ ಮೇಲೆ ನೋಡಿದರೆ ನಮ್ಮ ಮನೆಯವರೊಬ್ಬರೇ ಇಲ್ಲ.

ಆ ಮಡು ಹೇಗಿತ್ತು ಎಂದು ಹೇಳಲೇ? ನೀರು ಧುಮುಕುವ ಸದ್ದು ಹಿಂದಿನ ತಿರುವಿನಲ್ಲೇ ನಿಂತುಹೋಗಿತ್ತು. ಎರಡೂ ಕಡೆ ಕರಿ ಬಂಡೆ, ಬಂಡೆಯ ಮೇಲೆ ಬಗ್ಗಿದ ಕಾಡು, ಹಾಡುಹಗಲೇ ಕತ್ತಲು. ಒಂದು ಹಕ್ಕಿಯ ದನಿಯೂ ಇರಲಿಲ್ಲ. ಬಂಡೆಗಳ ಸಂದಿಯಲ್ಲಿ ಸಿಕ್ಕಿಕೊಂಡವರು ಕಣ್ಣಿಗೆ ಬೀಳುವುದಿಲ್ಲವಂತೆ. ಗೈಡ್ ಹೇಳಿದ: "ನಾಮ್ ಲೇಕೆ ಪುಕಾರೋ." ಹೆಸರು ಹಿಡಿದು ಕರೆಯಿರಿ, ದನಿ ಬಂದ ಕಡೆ ದೋಣಿ ತಿರುಗಿಸುತ್ತೇನೆ ಎಂದು.

ಎಲ್ಲರೂ ಬಾಯಿ ತೆರೆದರು, ಎಲ್ಲರೂ ಮುಚ್ಚಿದರು. ಏಕೆಂದರೆ ಅವರ ಹೆಸರು ಯಾರಿಗೂ ಗೊತ್ತಿರಲಿಲ್ಲ! ಇಪ್ಪತ್ತು ವರ್ಷ ಅವರು "ಟೀಚರ್ ಮನಿಯವರು". ಪ್ರವಾಸದ ಪಟ್ಟಿಯಲ್ಲೂ "ನೀಲಗಂಗಮ್ಮ ಮತ್ತು ಯಜಮಾನರು". ಐದೂ ಜನ ನನ್ನ ಮುಖ ನೋಡಿದರು.

"ಹೇಳ್ರಿ ಟೀಚರ್, ಲಗೂನ!" ಎಂದರು ಶಫಿ ಸರ್.

ನಾನು ಹೇಗೆ ಹೇಳಲಿ? ಗಂಡ ನೀರಿನಲ್ಲಿರುವಾಗ ಅವನ ಆಯುಷ್ಯ ಕಳೆಯುವ ಮಾತು ಆಡಲೇ?

"ಒಡಪು ಹಾಕಿ ಹೇಳ್ರಿ! ಒಡಪಿನ್ಯಾಗ ಹೇಳಿದ್ರ ದೋಷಿಲ್ಲ!" ಎಂದು ಮಾನಮ್ಮ ಅಳುತ್ತ ಕಿರಿಚಿದರು.

ಒದ್ದೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಅಲುಗಾಡುವ ದೋಣಿಯಲ್ಲಿ ಎದ್ದು ನಿಂತು, ಕಾಡಿನ ಕಡೆ ಮುಖ ಮಾಡಿ ಒಡಪು ಹೇಳಿದೆ. "ಕಮಲಾಪುರದ ಕೆಂಪು ಬಾಳಿ, ಕಲಬುರಗಿಯ ತೊಗರಿ ಬ್ಯಾಳಿ, ಸಿಟ್ಟಿಗೆದ್ದು ಬಂದಾಳ ಹೊಳಿ ಕಾಳಿ, ಎಲ್ಲಿದ್ರೂ ಓ ಅನ್ರಿ" ಎಂದು, ತುದಿಗೆ ಹೆಸರು ಹಿಡಿದೆ. ಮುಂದೆ ಎಷ್ಟೋ ದಿನ ನಮ್ಮ ಸ್ಟಾಫ್ ರೂಮಿನಲ್ಲಿ ಇದನ್ನು ಹೇಳಿ ಹೇಳಿ ನಕ್ಕಿದ್ದಾರೆ. ನೀವೂ ನಗುತ್ತಿದ್ದೀರಿ. ಸಂತೋಷ.

ಎಡದಂಡೆಯಿಂದ "ಓ" ಎಂದು ಬಂತು.

ಎಲ್ಲರೂ ಕೇಳಿದರು. ನೀರಿನಿಂದ ಬಂದ ದನಿಯಲ್ಲ, ಮರಗಳ ಒಳಗಿನಿಂದ ಬಂದ ಒಣಗಿದ ದನಿ. ಗೈಡ್ ದೋಣಿಯನ್ನು ಎಡಕ್ಕೆ ತಿರುಗಿಸಿದ. ಅಷ್ಟರಲ್ಲಿ ಮಾನಮ್ಮ ಬಲಗಡೆ ಕೈ ಮಾಡಿದರು. ಬಲದಂಡೆಯ ಬಂಡೆಯೊಂದಕ್ಕೆ ಕಿತ್ತಳೆ ಬಣ್ಣದ ಜಾಕೆಟ್ಟು ಸಿಕ್ಕಿಕೊಂಡಿತ್ತು. ಅದರೊಳಗೆ ನಮ್ಮ ಮನೆಯವರು. ಹಣೆ ಒಡೆದಿತ್ತು, ಕಣ್ಣು ಮುಚ್ಚಿತ್ತು, ಹಲ್ಲು ಕಚ್ಚಿಕೊಂಡಿತ್ತು. ಓ ಎನ್ನುವ ಸ್ಥಿತಿಯಲ್ಲಿ ಇರಲಿಲ್ಲ.

"ಅದು ಬರೇ ಪ್ರತಿಧ್ವನಿ ಐತ್ರಿ" ಎಂದರು ಶಫಿ ಸರ್. ಇರಬಹುದು. ಆದರೆ ನನಗೆ "ಓ" ಒಂದೇ ಕೇಳಿಸಲಿಲ್ಲ. ಅದರ ಹಿಂದೆ, ಮನೆಯ ಹೊಸ್ತಿಲಲ್ಲಿ ಕೇಳಿ ನನಗೊಬ್ಬಳಿಗೇ ಪರಿಚಯವಿದ್ದ ದನಿಯಲ್ಲಿ, "ಅಲ್ಲೇ ನಿಂದ್ರು, ಬರ್ತೀನಿ" ಎಂದು ಕೇಳಿಸಿತು. ಪ್ರತಿಧ್ವನಿ ಹಾಗೆಲ್ಲ ಮಾತಾಡುತ್ತದೆಯೇ? ಗೈಡ್ ಎಡದಂಡೆಯನ್ನು ಒಂದು ಗಳಿಗೆ ನೋಡಿದ, ಆಮೇಲೆ ನನ್ನನ್ನು ನೋಡಿದ. "ದೋಬಾರಾ ಮತ್ ಪುಕಾರ್ನಾ" ಎಂದ. ಇನ್ನೊಮ್ಮೆ ಕರೆಯಬೇಡಿ ಎಂದು. ಹೇಳಿದವನೇ ದೋಣಿಯನ್ನು ಬಲಕ್ಕೆ ತಿರುಗಿಸಿದ.

ಬಲದಂಡೆಯಲ್ಲಿ ಸಿಕ್ಕವರನ್ನು ಮನೆಗೆ ಕರೆದುಕೊಂಡು ಬಂದೆ. ತಲೆಗೆ ಪೆಟ್ಟಾಗಿದೆ, ನೆನಪು ಅಲ್ಲಲ್ಲಿ ಹೋಗಿರುತ್ತದೆ, ಸ್ವಭಾವವೂ ಬದಲಾಗಬಹುದು ಎಂದರು ಡಾಕ್ಟರರು. ಮೊದಲ ದಿನ ಊಟಕ್ಕೆ ಕುಳಿತವರು ತಾಟನ್ನು ತಿರುಗಿಸಿ ಮುರುಗಿಸಿ ನೋಡಿ, "ಈ ತಾಟ ಯಾಕ ಹಿಂಗ ಆಗ್ಯಾವ?" ಎಂದು ಕೇಳಿದರು. ಮರುದಿನ ಅಂಗಳದಲ್ಲಿ ಕುಳಿತು ಒಂದೊಂದನ್ನೇ ಬಡಿದು ನೆಟ್ಟಗೆ ಮಾಡಿದರು. ನಮ್ಮ ಮದುವೆಯ ಫೋಟೋ ಮುಂದೆ ಬಹಳ ಹೊತ್ತು ನಿಂತು, "ಇಂವಾ ಭಾಳ ಸಿಟ್ಟಿನಾಂವ ಕಾಣ್ತಾನಲ್ಲ" ಎಂದರು. ಕೈಗಡಿಯಾರ ಹೊಳೆಯಲ್ಲಿ ಹೋಗಿತ್ತು, ಮತ್ತೊಂದು ಕೊಳ್ಳಲಿಲ್ಲ. ಎಂಟು ವರ್ಷಗಳಿಂದ ಸಂಜೆ ಜಗತ್‌ನ ಬಸ್ ಸ್ಟಾಪಿಗೆ ಬಂದು ನನ್ನ ಚೀಲ ಇಸಿದುಕೊಳ್ಳುತ್ತಾರೆ. ಬಸ್ಸು ತಡವಾದರೆ, "ದಣದೀಯೇನು?" ಎನ್ನುತ್ತಾರೆ. ಮದುವೆಯಾದ ಅಷ್ಟು ವರ್ಷಗಳಲ್ಲಿ ನನ್ನನ್ನು ಆ ಮಾತು ಕೇಳಿದವರು ಯಾರಿದ್ದರು?

ರಜೆಯ ದಿನ, ಸಂಜೆ ಐದೂವರೆಗೆ, ನಾವಿಬ್ಬರೂ ಒಳಗೆ ಕುಳಿತು ಬಳ್ಳೊಳ್ಳಿ ಸುಲಿಯುತ್ತಿರುವಾಗ, ಹೊಸ್ತಿಲ ಹೊರಗೆ ಯಾರೋ ಬಂದು ನಿಂತ ಹಾಗೆ ಕೇಳಿಸುತ್ತದೆ. ಎದ್ದು ನೋಡಲು ಹೋದರೆ ಇವರು ನನ್ನ ಕೈ ಹಿಡಿದು, "ಕೂಡು, ಗಾಳಿ ಅದ" ಎನ್ನುತ್ತಾರೆ. ಗಾಳಿಯೇ ಇರಬೇಕು.

ಮಾನಮ್ಮ, ನಿಮಗೆ ಗೊತ್ತಿಲ್ಲದ ಅರ್ಧ ಇದಲ್ಲ. ಅಂದು ಹೆಸರು ಹೇಳಲು ನಾನು ಬಹಳ ಹೊತ್ತು ತೆಗೆದುಕೊಂಡೆ. ಪ್ರಾಸ ಸಿಗಲಿಲ್ಲ ಎಂದು ನಿಮಗೆಲ್ಲ ಹೇಳಿದೆ. ಅಷ್ಟು ವರ್ಷ ಪ್ರಾಸ ಕಲಿಸಿದವಳಿಗೆ ಪ್ರಾಸ ಸಿಗುವುದಿಲ್ಲವೇ? ನೀವು ಕಿರಿಚಿದ ಕೂಡಲೇ ಬಾಳಿ, ಬ್ಯಾಳಿ, ಕಾಳಿ, ಮೂರೂ ಹೊಳೆದಿದ್ದವು. ಆದರೂ ಸುಮ್ಮನೆ ನಿಂತಿದ್ದೆ. ನೀರನ್ನು ನೋಡುತ್ತ ನಿಂತಿದ್ದೆ. ಎಷ್ಟು ಹೊತ್ತೋ ತಿಳಿಯದು, ಆ ಮಡುವಿನಷ್ಟೇ ತಣ್ಣಗೆ ನಿಂತಿದ್ದೆ. ಈ ಪಾಪವನ್ನು ಎಂಟು ವರ್ಷ ಒಬ್ಬಳೇ ಹೊತ್ತೆ. ಇವತ್ತು ನಿಮ್ಮೆಲ್ಲರ ಮುಂದೆ ಇಳಿಸಿದ್ದೇನೆ.

ಇವತ್ತು ಒಡಪು ಹೇಳು ಎನ್ನುತ್ತಾರೆಂದು ಗೊತ್ತಿತ್ತು. ಬೆಳಗ್ಗೆ ಚಹಾ ಕುಡಿಯುವಾಗ ಇವರನ್ನೇ ಕೇಳಿದೆ: "ಸಭಾದಾಗ ನಿಮ್ಮ ಹೆಸರ ಹೇಳ್ಲೇನ್ರೀ?" ಇವರು ಬಸಿ ಕೆಳಗಿಟ್ಟರು. ಬಾಗಿಲ ಕಡೆ ಒಮ್ಮೆ ನೋಡಿದರು. "ಬ್ಯಾಡ," ಎಂದರು, "ಆ ಹೆಸರಿನಾಂವ ಬಂದಾನು."

ಹೇಳಿ ನಕ್ಕರು. ನಾನೂ ನಕ್ಕೆ.

ಆದ್ದರಿಂದ ಮಾನಮ್ಮ, ಒಡಪು ಇಲ್ಲ. ಪೀರಪ್ಪನವರೇ, ಸನ್ಮಾನಕ್ಕೆ ನಮ್ಮಿಬ್ಬರನ್ನೂ ಕರೆಯುವಾಗ ಪತ್ರದಲ್ಲಿ ಅಚ್ಚಾಗಿರುವ ಆ ಹೆಸರನ್ನು ದಯವಿಟ್ಟು ಮೈಕಿನಲ್ಲಿ ಓದಬೇಡಿ. ನಿಮ್ಮ ಕಾಲಿಗೆ ಬಿದ್ದು ಕೇಳುತ್ತೇನೆ. "ಟೀಚರ್ ಮನಿಯವರು ಬರ್ರಿ" ಎಂದರೆ ಸಾಕು, ಇವರು ಎದ್ದು ಬರುತ್ತಾರೆ. ಆ ಹೆಸರಿಗೆ ಬರುವವರು ಬೇರೆ. ನಾಳೆಯಿಂದ ನಾನು ದಿನವಿಡೀ ಮನೆಯಲ್ಲೇ ಇರುವವಳು. ನನಗೆ ಇವರು ಬೇಕು.

ನನ್ನ ಮಾತನ್ನು ನಕ್ಕೂ, ನಗದೆಯೂ ಕೇಳಿದ ನಿಮಗೆಲ್ಲ ಕೈಮುಗಿಯುತ್ತೇನೆ. ಹಿಂದಿನ ಸಾಲಿನ ಹುಡುಗಿಯರೇ, ಆ ಬಾಗಿಲನ್ನು ಸ್ವಲ್ಪ ಮುಚ್ಚಿರವ್ವಾ. ನಮಸ್ಕಾರ.