ನನ್ನ ದವಡೆಯ ಹಳೇ ಎಕ್ಸ್-ರೇ

ಅಧ್ಯಕ್ಷರಾದ ಪೂರ್ಣೇಶ್ ಅವರೇ, ಇಂದು ಸನ್ಮಾನ ಸ್ವೀಕರಿಸುತ್ತಿರುವ ದಂತವೈದ್ಯೆ ಚೈತನ್ಯಾ ಅವರೇ, ಸಾಗರದ ಸಭಿಕರೇ, ಮುಂದಿನ ಸಾಲಿನಲ್ಲಿ ಕುಳಿತು ಬೇಗ ಮುಗಿಸಿ ಎಂದು ಕಣ್ಣಲ್ಲೇ ಹೇಳುತ್ತಿರುವ ನನ್ನ ಹೆಂಡತಿ ಯಮುನಮ್ಮನವರೇ,

ನಾನು ದುಗ್ಗಪ್ಪ. ತೀರ್ಥಹಳ್ಳಿಯ ಖಾಸಗಿ ಬಸ್ ನಿಲ್ದಾಣದಲ್ಲಿ ಏಜೆಂಟ್. ಊರುಗಳ ಹೆಸರು ಕೂಗಿ ಜನರನ್ನು ಬಸ್ಸು ಹತ್ತಿಸುವುದು ನನ್ನ ಕೆಲಸ. ಇಂಥವನಿಗೆ ಮೈಕ್ ಯಾಕೆ ಕೊಟ್ಟರೋ ತಿಳಿಯದು.

ಹೋದ ವರ್ಷ ಹಲ್ಲುನೋವೆಂದು ಆಸ್ಪತ್ರೆಗೆ ಹೋದೆ. ಎಕ್ಸ್-ರೇಯಲ್ಲಿ ದವಡೆಯೊಳಗೆ ಬಿಳಿ ಮಚ್ಚೆಯೊಂದು ಕಂಡಿತು. "ಬೆಳೀತಿರೋ ಗಡ್ಡೆ ಆಗಿದ್ರೆ ದವಡೆ ಸ್ವಲ್ಪ ಕತ್ತರಿಸ್ಬೇಕಾಗ್ಬಹುದು. ಹಳೇ ಎಕ್ಸ್-ರೇ ಇದ್ರೆ ತನ್ನಿ, ಹೋಲಿಸಿ ನೋಡೋಣ" ಎಂದರು ವೈದ್ಯರು.

ದವಡೆ ಇಲ್ಲದೆ ಬಸ್ಸು ಕೂಗುವುದು ಹೇಗೆ ಸ್ವಾಮಿ? ಹೆದರಿ ಪಿಸುಮಾತಿನಲ್ಲೇ ಕರೆಯತೊಡಗಿದೆ. ಆಗುಂಬೆಗೆ ಹೋಗಬೇಕಾದವರು ಕೊಪ್ಪದ ಬಸ್ಸು ಹತ್ತಿದರು.

ಮದುವೆಯಾದ ಹೊಸತರಲ್ಲಿ ಸಾಗರದ ಗೋಪಾಲಪ್ಪ ಡಾಕ್ಟರ ಬಳಿ ಎಕ್ಸ್-ರೇ ತೆಗೆಸಿ ಹಲ್ಲು ಕೀಳಿಸಿದ್ದು ನನಗೆ ಮರೆತೇಹೋಗಿತ್ತು. ಯಮುನಮ್ಮನಿಗೆ ನೆನಪಿತ್ತು. ಅವತ್ತು ದಾರಿಯುದ್ದಕ್ಕೂ ಅವಳ ಕೈ ಹಿಡಿದು ಕೂತಿದ್ದೆನಂತೆ. ಇದನ್ನು ಇಲ್ಲಿ ಹೇಳಬಾರದಿತ್ತು, ಹೋಗಲಿ.

ಗೋಪಾಲಪ್ಪನವರು ತೀರಿಕೊಂಡಿದ್ದರು. ಆ ಕ್ಲಿನಿಕ್ಕನ್ನು ಈಗ ಚೈತನ್ಯಾ ಅವರು ನಡೆಸುತ್ತಿದ್ದರು. ಯಮುನಮ್ಮನನ್ನು ಕರೆದುಕೊಂಡು ಅಲ್ಲಿಗೆ ಹೋದೆ. ಬಾಗಿಲಲ್ಲೇ ಕೈಮುಗಿದು, "ತೊಂದ್ರೆ ಕೊಡ್ತಿದೀನಿ ಡಾಕ್ಟ್ರೇ" ಎಂದೆ.

"ನಿಮ್ಮ ಬಾಯಿದು ಎಕ್ಸ್-ರೇ, ಅದನ್ನ ಕೇಳಕ್ಕೆ ಎಂತ ಸಂಕೋಚ? ಒಳಗೆ ಬನ್ನಿ" ಎಂದರು.

ಹಳೆಯದನ್ನೆಲ್ಲ ಸುಟ್ಟುಬಿಡಿ ಎಂದು ಎಷ್ಟೋ ಜನ ಅವರಿಗೆ ಹೇಳಿದ್ದರಂತೆ. ಅವರು ಸುಟ್ಟಿರಲಿಲ್ಲ. ತಾವೇ ಅಟ್ಟ ಹತ್ತಿ ಪೆಟ್ಟಿಗೆಗಳನ್ನು ಇಳಿಸಿದರು. ಧೂಳಿಗೆ ಸೀನುತ್ತ ಮೂವರೂ ಹುಡುಕಿದೆವು. ನನ್ನ ಹೆಸರಿನ ಲಕೋಟೆ ಸಿಕ್ಕಿತು. ಡಾಕ್ಟರು ಹಳೆಯದನ್ನೂ ನಾನು ತಂದಿದ್ದ ಹೊಸದನ್ನೂ ಕಿಟಕಿಯ ಬೆಳಕಿಗೆ ಹಿಡಿದರು. ಅದೇ ಜಾಗ, ಅದೇ ಮಚ್ಚೆ, ಅದೇ ಗಾತ್ರ.

"ಇಷ್ಟು ವರ್ಷದಲ್ಲಿ ಒಂಚೂರೂ ಬೆಳೆದಿಲ್ಲ. ಮೂಳೆ ಅಲ್ಲಿ ಗಟ್ಟಿಯಾಗಿದೆ, ಅಷ್ಟೇ" ಎಂದರು. ಕೂಡಲೇ ಆಸ್ಪತ್ರೆಯ ವೈದ್ಯರಿಗೆ ಫೋನ್ ಮಾಡಿ, ಎರಡರ ಫೋಟೋವನ್ನೂ ಕಳಿಸಿದರು. ಅವರೂ ಅದನ್ನೇ ಹೇಳಿದರು. ಕತ್ತರಿಸುವ ಮಾತು ಅಲ್ಲಿಗೆ ಮುಗಿಯಿತು. ಯಮುನಮ್ಮ ಮಾತ್ರ ಅಟ್ಟದ ಏಣಿ ಹಿಡಿದುಕೊಂಡು ಅತ್ತಳು.

ಅಂದಿನಿಂದ ಚೈತನ್ಯಾ ಅವರು ಹಳೇ ರೋಗಿಗಳನ್ನು ಹುಡುಕಿ ಹುಡುಕಿ ಅವರವರ ದಾಖಲೆಯನ್ನು ಅವರವರ ಕೈಗೇ ಕೊಡುತ್ತಿದ್ದಾರೆ. ಈ ಸನ್ಮಾನ ಅದಕ್ಕೇ ಅಲ್ಲವೇ?

ಅವತ್ತು ಊರಿಗೆ ಮರಳುವಾಗ ಹೊಸನಗರದಲ್ಲಿ ಯಮುನಮ್ಮ ಬಸ್ಸಿಳಿದು ಚಕ್ಕುಲಿ ತಂದಳು. ಹೆದರಿಕೆಯಲ್ಲಿ ಎಷ್ಟೋ ದಿನದಿಂದ ಗಟ್ಟಿಯಾದದ್ದೇನನ್ನೂ ನಾನು ಕಚ್ಚಿರಲಿಲ್ಲ. ಒಂದನ್ನು ಕಟುಮ್ಮನೆ ಕಡಿದೆ. ಮುಂದಿನ ಸೀಟಿನವರು ತಿರುಗಿ ನೋಡಿದರು.

"ಇನ್ನೊಂದು ತಿನ್ನಿ. ಕೇಳಕ್ಕೆ ಚಂದ ಇದೆ" ಎಂದಳು.

ಆ ಸದ್ದನ್ನು ನಮಗೆ ಮರಳಿ ಕೊಟ್ಟ ಡಾಕ್ಟರಿಗೂ, ಊಟದ ಹೊತ್ತಾದರೂ ಎದ್ದುಹೋಗದೆ ಕೂತ ತಮಗೂ ನಾವಿಬ್ಬರೂ ಋಣಿಗಳು. ನಮಸ್ಕಾರ.