ಹದಿನೇಳನೇ ಬಾಟಲಿ

ಒಂದೂರಲ್ಲಿ ಒಂದು ಕಾಲೇಜಿತ್ತು. ವಿಶ್ವವಿದ್ಯಾಲಯದ್ದೇ ಕಾಲೇಜು. ದಿನಾ ಹೇಳುವ ಹಾಗೆ ಇವತ್ತೂ ಒಬ್ಬ ಶ್ರೀಮಂತನ ಕಥೆ ಬರುತ್ತೆ ಅಂತ ನೀವು ಕಾಯ್ತಿದ್ದರೆ, ಇದೂ ಶ್ರೀಮಂತರ ಕಥೆಯೇ, ನೋಡಿ. ಇವರ ಹತ್ತಿರ ಇದ್ದ ಐಶ್ವರ್ಯ ತಿಳಿವಳಿಕೆ. ಅವರಿಗೆ ಗೊತ್ತಿತ್ತು. ಬೇರೆ ಏನು ಮರೆತರೂ ಈ ಒಂದು ಮಾತು ಮರೆಯಬೇಡಿ. ಅವರಿಗೆ ಗೊತ್ತಿತ್ತು.

ಇವತ್ತು ಪ್ರವಚನ ಮುಗಿದ ಮೇಲೆ ನಮ್ಮೂರಿನ ಕಾಲೇಜಿನ ಮಕ್ಕಳಿಗೂ ಮೇಷ್ಟ್ರುಗಳಿಗೂ ಸನ್ಮಾನ ಇದೆ. ಶಾಲುಗಳನ್ನು ಆ ಮೇಜಿನ ಮೇಲೆ ಮಡಿಸಿಟ್ಟಿದ್ದಾರೆ, ನನಗೆ ಇಲ್ಲಿಂದಲೇ ಕಾಣುತ್ತೆ. ಇಂಥ ದಿನ ಈ ದೃಷ್ಟಾಂತ ಹೇಳಬೇಕೋ ಬೇಡವೋ ಅಂತ ಎರಡು ದಿನ ಒದ್ದಾಡಿದೆ. ಹಗಲು ಕೆಲಸ ಮಾಡಿ ಸಂಜೆ ಕಾಲೇಜಿನಲ್ಲಿ ಓದಿದವನು ನಾನು. ದೊಡ್ಡ ಓದಿನವರ ಮುಂದೆ ಎಲ್ಲಿ ತಪ್ಪಾಡಿಬಿಡ್ತೀನೋ ಅನ್ನುವ ಅಳುಕು ಇದ್ದೇ ಇರುತ್ತೆ. ತಪ್ಪಿದ್ದರೆ ಆಮೇಲೆ ತಿದ್ದಿ. ಈಗ ಕೇಳಿ.

ಆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದುವ ಒಬ್ಬ ಹುಡುಗಿ ಇದ್ದಳು. ಕೊನೇ ವರ್ಷ. ಕೊನೇ ವರ್ಷದವರು ಏನಾದರೂ ಒಂದು ಸ್ವಂತ ಕೆಲಸ ಮಾಡಿ ಬರೆದು ಕೊಡಬೇಕು. ಸುತ್ತಲಿನ ಹಳ್ಳಿಗಳ ಕುಡಿಯುವ ನೀರು ಪರೀಕ್ಷೆ ಮಾಡ್ತೀನಿ ಅಂತ ಇವಳು ಹೊರಟಳು. ಸ್ವಲ್ಪ ದೂರ ಬಸ್ಸು, ಸ್ವಲ್ಪ ದೂರ ನಡಿಗೆ, ಸ್ವಲ್ಪ ದೂರ ಯಾರದೋ ಟ್ರ್ಯಾಕ್ಟರು. ಇಪ್ಪತ್ತು ಊರು, ಇಪ್ಪತ್ತು ಬಾಟಲಿ. ಒಂದೊಂದು ಬೋರಿಗೂ ಒಂದೊಂದು ಫೋಟೊ. ಬಾಟಲಿಯ ಮೇಲೆ ಊರಿನ ಹೆಸರು ಬರೆಯುವುದಿಲ್ಲವಂತೆ, ನಂಬರು ಅಂಟಿಸುತ್ತಾರಂತೆ. ಅದು ಅವರ ಪದ್ಧತಿ. ಒಂದು, ಎರಡು, ಮೂರು. ಇರಲಿ, ಪದ್ಧತಿ ಬೇಕು. ಆದರೆ ಊರು ನಂಬರಾದ ಮೇಲೆ ಆ ಊರಿನಲ್ಲಿ ಜನ ಇದ್ದಾರೆ ಅನ್ನುವುದು ಮರೆಯೋದು ಸುಲಭ, ಅಲ್ಲವಾ?

ಹದಿನೇಳನೇ ಬಾಟಲಿಯಲ್ಲಿ ನೈಟ್ರೇಟ್ ಅನ್ನುವ ಲವಣ ಸಿಕ್ಕಿತು. ಇರಬಹುದಾದ್ದರ ಐದು ಪಟ್ಟು. ಹೊಲಕ್ಕೆ ಹಾಕುವ ಗೊಬ್ಬರದಿಂದ, ತಿಪ್ಪೆಯಿಂದ ನೆಲಕ್ಕೆ ಇಳಿದು ಬೋರಿನ ನೀರಿಗೆ ಸೇರುವಂಥದ್ದು. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ದೊಡ್ಡವರು ಕುಡಿದರೆ ಕೂಡಲೇ ಏನೂ ಕಾಣುವುದಿಲ್ಲ. ಆದರೆ ಎಳೇ ಕೂಸಿಗೆ ಆ ನೀರಿನಲ್ಲಿ ಪುಡಿ ಹಾಲು ಕಲಸಿ ಕೊಟ್ಟರೆ, ಕೂಸಿನ ರಕ್ತಕ್ಕೆ ಉಸಿರನ್ನು ಹೊರುವ ಶಕ್ತಿ ಹೋಗಿಬಿಡುತ್ತೆ. ತುಟಿ ನೀಲಿಯಾಗುತ್ತೆ, ಉಗುರು ನೀಲಿಯಾಗುತ್ತೆ. ಈ ಲವಣದ ಬಗ್ಗೆ ಇನ್ನೊಂದು ಸಂಗತಿ ಇದೆ. ಅದನ್ನು ಕೊನೆಗೆ ಹೇಳ್ತೀನಿ. ನನಗೆ ಅದನ್ನು ಮೊದಲೇ ಹೇಳೋಕೆ ಧೈರ್ಯ ಸಾಲದು.

ಹುಡುಗಿ ತನ್ನ ಮೇಷ್ಟ್ರ ಹತ್ತಿರ ಓಡಿದಳು.

"ಸರ್, ಹದಿನೇಳು ನೋಡಿದ್ರಾ? ನಾಲ್ಕು ಸಲ ಮಾಡಿದೆ. ಅದೇ ಬರ್ತಿದೆ."

"ನಾಲ್ಕು ಸಲಾನಾ? ಶಾಭಾಷ್. ನಿನಗಿಂತ ಮುಂಚಿನವರು ಒಂದು ಸಲ ಮಾಡಿ ನಾಲ್ಕು ಸಲ ಅಂತ ಬರೀತಿದ್ರು."

"ಸರ್, ಆ ಊರಿಗೆ ಹೇಳಬೇಕಲ್ಲ."

"ಹೇಳೋಣಮ್ಮ, ಹೇಳದೇ ಇರ್ತೀವಾ? ವಿಶ್ವವಿದ್ಯಾಲಯದ ದೊಡ್ಡ ಲ್ಯಾಬಿಗೆ ಕಳಿಸಿ ಒಂದು ಸಲ ಖಚಿತ ಮಾಡ್ಕೊಳ್ಳೋಣ. ತಪ್ಪು ಹೇಳಿ ಊರವರನ್ನ ಹೆದರಿಸಿದರೆ ನಾಳೆ ನಮ್ಮ ಮೇಲೇ ಬರ್ತಾರೆ."

ನ್ಯಾಯವಾದ ಮಾತೇ. ಆ ಲ್ಯಾಬಿನಿಂದ ಒಂಬತ್ತನೇ ದಿನ ಉತ್ತರ ಬಂತು. ಹುಡುಗಿ ಹೇಳಿದ್ದೇ ಸರಿ. ಆಗ ಮೇಷ್ಟ್ರು ಹುಡುಗಿಯನ್ನು ಕರೆದುಕೊಂಡು ಪ್ರಿನ್ಸಿಪಾಲರ ಕೋಣೆಗೆ ಹೋದರು. ಪ್ರಿನ್ಸಿಪಾಲರಿಗೆ ಸಂತೋಷವೋ ಸಂತೋಷ. ಹುಡುಗಿಗೆ ಕುರ್ಚಿ ಹಾಕಿಸಿ ಕೂರಿಸಿದರು.

"ಈಗಲೇ ಹೊರಗೆ ಬಿಡಬೇಡಿ. ಮುಂದಿನ ತಿಂಗಳು ನಮ್ಮ ಸಾಧಕರ ದಿನ. ಕುಲಪತಿಗಳು ಬರ್ತಾರೆ, ಪೇಪರಿನವರು ಬರ್ತಾರೆ. ಆ ಪಂಚಾಯ್ತಿ ಅಧ್ಯಕ್ಷರನ್ನೂ ಕರೆಸೋಣ. ವೇದಿಕೆ ಮೇಲೇ ವರದಿ ಅವರ ಕೈಗೆ ಕೊಡೋಣ. ಇವತ್ತು ಹೋಗಿ ಹೇಳಿಬಿಟ್ಟರೆ ನಾಳೆ ಇನ್ಯಾರೋ ನಾವು ಕಂಡುಹಿಡಿದ್ವಿ ಅಂತಾರೆ."

"ಸರ್, ಅಲ್ಲೀವರೆಗೆ ಅವರು ಅದನ್ನೇ ಕುಡೀತಾರಲ್ಲ."

"ಇಷ್ಟು ವರ್ಷ ಕುಡಿದಿದ್ದಾರಮ್ಮ. ಇನ್ನೊಂದು ತಿಂಗಳು."

ಹುಡುಗಿ ಮೇಷ್ಟ್ರ ಮುಖ ನೋಡಿದಳು. ಮೇಷ್ಟ್ರು ಪ್ರಿನ್ಸಿಪಾಲರ ಮುಖ ನೋಡಿದರು. ಪ್ರಿನ್ಸಿಪಾಲರು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದರು. ಮೂರು ಜನ, ಮೂರು ನೋಟ. ಹದಿನೇಳನೇ ಊರಿನ ಕಡೆ ನೋಡಿದವರು ಯಾರು?

ಇವರು ಕೆಟ್ಟವರಾ? ನೋಡಿ, ಅಲ್ಲವೇ ಅಲ್ಲ. ಹುಡುಗಿ ಬಿಸಿಲಲ್ಲಿ ತಿರುಗಿ ನೀರು ತಂದವಳು. ಮೇಷ್ಟ್ರು ಮಕ್ಕಳಿಗೆ ತಮ್ಮ ಊಟದ ಡಬ್ಬಿ ಹಂಚಿಕೊಂಡು ತಿನ್ನುವಂಥವರು. ಪ್ರಿನ್ಸಿಪಾಲರು ತಮ್ಮ ಕಾಲೇಜಿನ ಹೆಸರು ನಾಲ್ಕು ಜನರಿಗೆ ಗೊತ್ತಾಗಲಿ ಅಂದವರು, ಅಷ್ಟೆ. ಯಾರೂ ಹೇಳುವುದೇ ಇಲ್ಲ ಅನ್ನಲಿಲ್ಲ. ಆಮೇಲೆ ಹೇಳೋಣ ಅಂದರು.

ಈಗ ಇನ್ನೊಬ್ಬರು ಬರ್ತಾರೆ ಕಥೆಗೆ. ಆ ಕಾಲೇಜಿನ ಆಯಮ್ಮ. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು ಕಸ ಹೊಡೆದು, ಎಲ್ಲರಿಗೂ ಟೀ ಕೊಟ್ಟು, ಲ್ಯಾಬಿನ ಬಾಟಲಿ ತೊಳೆದಿಟ್ಟು ಸಂಜೆ ಬಸ್ಸಿಗೆ ಹೋಗುವವಳು. ಹದಿನೇಳನೇ ಬಾಟಲಿಯನ್ನೂ ಅವಳೇ ತೊಳೆದಳು. ತೊಳೆದು ಬೋರಲು ಹಾಕಿದಳು. ಅದು ತನ್ನ ಹಟ್ಟಿಯ ನೀರು ಅಂತ ಅವಳಿಗೆ ಗೊತ್ತಾಗುವುದು ಹೇಗೆ? ಅದರ ಮೇಲೆ ಇದ್ದದ್ದು ನಂಬರು. ಹುಡುಗಿಯಾದರೂ ಎರಡು ವರ್ಷ ಅವಳ ಕೈಯ ಟೀ ಕುಡಿದವಳು. ನಿಮ್ಮೂರು ಯಾವುದು ಆಯಮ್ಮ ಅಂತ ಒಂದು ದಿನವೂ ಕೇಳಿರಲಿಲ್ಲ.

ಆಯಮ್ಮನ ಸೊಸೆ ಬಾಣಂತಿ. ವಿಷಮಶೀತ ಜ್ವರ ಬಂದು ಎದೆಹಾಲು ಬತ್ತಿ, ಕೂಸಿಗೆ ಪುಡಿ ಹಾಲು. ನೀರು ಚೆನ್ನಾಗಿ ಕಾಯಿಸಿ ಕಲಸಮ್ಮ ಅಂತ ನರ್ಸಮ್ಮ ಹೇಳಿದ್ದರು. ಆ ತಾಯಿ ಕಾಯಿಸಿದಳು. ಹೇಳಿದ್ದಕ್ಕಿಂತ ಹೆಚ್ಚಾಗಿಯೇ ಕಾಯಿಸಿದಳು. ಆಯಮ್ಮ ಲ್ಯಾಬಿನಲ್ಲಿ ಟೀ ಲೋಟ ಇಡುತ್ತಾ ಹುಡುಗಿಯ ಹತ್ತಿರ ನಗಾಡುತ್ತಿದ್ದಳು. "ನನ್ನ ಸೊಸೆಗೆ ನೀರು ಕಾಯ್ಸೋದೇ ಒಂದು ಪೂಜೆ ಕಣವ್ವ. ಅರ್ಧ ಪಾತ್ರೆ ಇಂಗಿದ್ರೂ ಒಲೆಯಿಂದ ಇಳಿಸಲ್ಲ. ಸೌದೆ ನಿಮ್ಮಪ್ಪ ತಂದಾಕ್ತಾನಾ ಅಂತ ಬೈತೀನಿ. ನಿಮ್ಮ ಮೊಮ್ಮಗಂಗೇ ಅಲ್ವಾ ಅತ್ತೆ ಅಂತಾಳೆ." ಹುಡುಗಿಯೂ ನಕ್ಕಳು.

ಹುಡುಗಿ ಪರೀಕ್ಷೆ ಮಾಡಿದ ಇಪ್ಪತ್ತೊಂಬತ್ತನೇ ದಿನ ಕೂಸಿನ ತುಟಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತು. ಬಸ್ಸು ಹಿಡಿದು ಆಸ್ಪತ್ರೆಗೆ ಹೋದರು. ಮಧ್ಯಾಹ್ನದೊಳಗೆ ಕೂಸು ಹೋಯಿತು. ಮೂರು ತಿಂಗಳು ತುಂಬಿತ್ತು.

ಆಯಮ್ಮ ನಾಲ್ಕು ದಿನ ಬರಲಿಲ್ಲ. ಐದನೇ ದಿನ ಬಂದಾಗ ಹುಡುಗಿ ಅವಳ ಕೈ ಹಿಡಿದುಕೊಂಡು ಕೂತಳು. ಏನಾಗಿತ್ತು ಅಂತ ಕೇಳಿದಳು. ಉಸಿರಾಟದ್ದೇನೋ ಅಂದ್ರು ಅಂತ ಆಯಮ್ಮ ಹೇಳಿದಳು. ಹುಡುಗಿಯ ಕಣ್ಣಲ್ಲಿ ನೀರು ಬಂತು. ಆದರೂ, ಯಾವೂರು ಅಂತ ಅವತ್ತೂ ಕೇಳಲಿಲ್ಲ. ಪ್ರಿನ್ಸಿಪಾಲರೂ ಪಾಪ ಅಂದರು. ಆಮೇಲೆ, "ಮುಂದಿನ ವಾರ ಫಂಕ್ಷನ್ ಇದೆ ಆಯಮ್ಮ, ಟೀ ನೀನೇ ನೋಡ್ಕೋಬೇಕು" ಅಂದರು.

ಸಾಧಕರ ದಿನ ಬಂತು. ಪರೀಕ್ಷೆ ಮಾಡಿ ನಲವತ್ತೊಂದನೇ ದಿನ. ಶಾಮಿಯಾನ, ಬ್ಯಾನರು, ಬುಟ್ಟಿ ಬುಟ್ಟಿ ಹಣ್ಣು. ಡೆಲ್ಲಿ ಪರೇಡಿಗೆ ಹೋಗಿ ಬಂದ ಎನ್‌ಸಿಸಿ ಹುಡುಗನಿಗೆ ಸನ್ಮಾನ. ಹನ್ನೊಂದು ವರ್ಷ ತಿಣುಕಿ ಡಾಕ್ಟರೇಟ್ ಮುಗಿಸಿದ ಇತಿಹಾಸದ ಮೇಷ್ಟ್ರಿಗೆ ಸನ್ಮಾನ. ಅವರಿಗೇ ಮಕ್ಕಳ ಶಿಳ್ಳೆ ಜಾಸ್ತಿ. ಕೊನೆಗೆ ನಮ್ಮ ಹುಡುಗಿ, ಅವಳ ಮೇಷ್ಟ್ರು. ಶಾಲು ಹೊದಿಸಿದರು, ಪೇಟ ಇಟ್ಟರು. ಚೌಕಟ್ಟು ಹಾಕಿಸಿದ ವರದಿಯನ್ನು ಪಂಚಾಯ್ತಿ ಅಧ್ಯಕ್ಷರ ಕೈಗೆ ಕೊಡುವ ಮುಂಚೆ ಪರದೆಯ ಮೇಲೆ ಫೋಟೊ ಬಂತು. ಹದಿನೇಳನೇ ಬೋರು, ಇದರ ನೀರಲ್ಲೇ ಕೂಸುಗಳಿಗೆ ಅಪಾಯದ ಲವಣ ಸಿಕ್ಕಿದ್ದು ಅಂತ ಪ್ರಿನ್ಸಿಪಾಲರು ಮೈಕಿನಲ್ಲಿ ಹೇಳಿದರು. ಬೋರಿನ ಮುಂದೆ ಬಿಂದಿಗೆ ಹಿಡಿದ ಒಬ್ಬ ಹೆಂಗಸು. ಕಿವಿ ಮುಚ್ಚುವ ಹಾಗೆ ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಾಳೆ. ತಾಯಂದಿರೆ, ನಿಮಗೆ ಹೇಳಬೇಕಾಗಿಲ್ಲ, ಯಾರು ಹಾಗೆ ಬಟ್ಟೆ ಕಟ್ಟಿಕೊಳ್ಳುತ್ತಾರೆ? ಬಾಣಂತಿ. ಆ ಫೋಟೊವನ್ನು ಹುಡುಗಿ ತೆಗೆದಿದ್ದಳು. ಮೇಷ್ಟ್ರು ನೋಡಿದ್ದರು. ಪ್ರಿನ್ಸಿಪಾಲರು ನೋಡಿದ್ದರು. ಎಲ್ಲರೂ ಬೋರು ನೋಡಿದ್ದರು.

ಸಭೆಯೆಲ್ಲ ಚಪ್ಪಾಳೆ ತಟ್ಟಿತು.

ಟೀ ತಟ್ಟೆ ಹಿಡಿದು ಪಕ್ಕದ ಬಾಗಿಲಲ್ಲಿ ನಿಂತಿದ್ದ ಆಯಮ್ಮ ತಟ್ಟೆಯನ್ನು ನೆಲದ ಮೇಲಿಟ್ಟಳು. ವೇದಿಕೆಯ ಬುಡಕ್ಕೆ ಬಂದಳು.

"ಅವ್ವಾ, ಅದು ನಮ್ಮ ಬೋರು. ಅಲ್ಲಿ ನಿಂತಿರೋಳು ನನ್ನ ಸೊಸೆ."

ಹುಡುಗಿ ಪರದೆಯ ಕಡೆ ತಿರುಗಿ ನೋಡಿದಳು.

"ನೀರಲ್ಲಿ ಏನೋ ಐತೆ ಅಂದ್ರಲ್ಲ ಈಗ. ನಿಂಗೆ ಇದು ಯಾವತ್ತು ಗೊತ್ತಾಯ್ತು?"

"ನಲವತ್ತೊಂದು ದಿನ ಆಯ್ತು, ಆಯಮ್ಮ."

"ಕೂಸು ಹೋಗಿ ಹನ್ನೆರಡು."

ಪ್ರಿನ್ಸಿಪಾಲರು ಮೈಕಿನಿಂದ ಬಾಯಿ ಪಕ್ಕಕ್ಕೆ ತಿರುಗಿಸಿ, "ಆಯಮ್ಮ, ಗಣ್ಯರಿದ್ದಾರೆ, ಆಮೇಲೆ ಮಾತಾಡೋಣ" ಅಂದರು. ಕೇಳಿದಿರಾ? ಆಗಲೂ ಆಮೇಲೆ.

"ನಮ್ಮ ಹಟ್ಟೀಲಿ ಇನ್ನೊಬ್ಬಳು ಬಾಣಂತಿ ಅವಳೆ ಸಾ. ಅವಳದೂ ಪುಡಿ ಹಾಲೇ. ನಾನು ಹೋಗಿ ಹೇಳಬೇಕು" ಅಂದವಳೇ ಆಯಮ್ಮ ಹೊರಟಳು. ಬೈಯಲಿಲ್ಲ, ಅಳಲಿಲ್ಲ. ಗೊತ್ತಾಗಿ ಎರಡು ನಿಮಿಷ ಆಗಿರಲಿಲ್ಲ, ಹೊರಟೇಬಿಟ್ಟಳು.

ಹುಡುಗಿ ಪೇಟ ತೆಗೆದು ಕುರ್ಚಿಯ ಮೇಲಿಟ್ಟು ಹಿಂದೆ ಓಡಿದಳು. ಶಾಲು ಹೆಗಲ ಮೇಲೇ ಇತ್ತು. ಗೇಟಿನ ಹತ್ತಿರ ಹಿಡಿದಳು. ಆ ಇನ್ನೊಂದು ಸಂಗತಿ ಅಂದೆನಲ್ಲ, ಅದನ್ನು ಅವಳು ಈಗ ಹೇಳಲೇಬೇಕಾಗಿತ್ತು.

"ಆಯಮ್ಮ, ನಿಲ್ಲಿ. ಅವರು ನೀರು ಕಾಯಿಸಿ ಕೊಟ್ಟರೆ ಆಯ್ತು ಅಂದ್ಕೊಳ್ತಾರೆ. ಕೂಸಿಗೆ ಆ ಬೋರಿನ ನೀರೇ ಬೇಡ ಅಂತ ಹೇಳಬೇಕು. ಕಾಯಿಸಿದರೆ ಇದು ಹೋಗಲ್ಲ. ನೀರು ಇಂಗಿದಷ್ಟೂ... ಇದು ಜಾಸ್ತಿ ಆಗುತ್ತೆ."

ಆಯಮ್ಮ ಗೇಟಿನ ಕಂಬಿ ಹಿಡಿದುಕೊಂಡು ನಿಂತಳು.

"ಇದನ್ನ ನನ್ನ ಸೊಸೆಗೆ ಹೇಳಬೇಡ ಕಣವ್ವ."

ಆಮೇಲೆ ಅವಳೇ ಅಂದಳು. "ಹೇಳದೆ ಹೆಂಗಿರೋದು. ಆ ಬಾಣಂತೀದು ನಮ್ಮದು ಒಂದೇ ಗೋಡೆ."

ಇಬ್ಬರೂ ಬಸ್ಸು ಹತ್ತಿದರು. ದೃಷ್ಟಾಂತ ಇಷ್ಟೆ.

ಆ ನೀರಿನಿಂದಲೇ ಕೂಸು ಹೋಯಿತು ಅಂತ ಯಾವ ಡಾಕ್ಟರೂ ಬರೆದುಕೊಡಲಿಲ್ಲ. ನಾನೂ ಹಾಗೆ ಅಂತ ಆಣೆ ಮಾಡಿ ಹೇಳುವುದಿಲ್ಲ. ಆದರೆ ಆ ತಾಯಿಯನ್ನು ಯೋಚಿಸಿ. ಆ ನೀರು ಕೊಡಬೇಡ, ಕಾಯಿಸಿದರೆ ಇನ್ನೂ ಕೆಟ್ಟದ್ದು ಅನ್ನುವ ಒಂದೇ ಒಂದು ಮಾತು. ಮೊದಲ ವಾರದಲ್ಲಿ ಹೇಳಿದ್ದರೆ ಅದು ಅವಳ ಕೂಸಿಗೆ ಕಾವಲು. ನಲವತ್ತೊಂದನೇ ದಿನ ಹೇಳಿದಾಗ ಅದೇ ಮಾತು ಅವಳಿಗೆ ಜೀವಮಾನದ ಶಿಕ್ಷೆ. ಮಾತು ಬದಲಾಯಿತಾ? ಇಲ್ಲ. ಮಾತು ಅದೇ. ದಿನ ಬದಲಾಯಿತು. ಇನ್ನು ಮೇಲೆ ಆ ಹೆಂಗಸು ಒಲೆಯ ಮೇಲೆ ನೀರು ಮರಳುವುದನ್ನು ಹೇಗೆ ನೋಡ್ತಾಳೆ, ಹೇಳಿ. ನನಗೆ ಯೋಚಿಸೋಕೆ ಆಗಲ್ಲ.

ಸನ್ಮಾನ ತಪ್ಪಾ? ತಪ್ಪಲ್ಲ. ಈ ಮುಂದಿನ ಸಾಲಿನಲ್ಲಿ ಕೂತ ಮಕ್ಕಳು ಕಷ್ಟಪಟ್ಟಿದ್ದಾರೆ, ಮೇಷ್ಟ್ರುಗಳು ಕಷ್ಟಪಟ್ಟಿದ್ದಾರೆ, ಅವರಿಗೆ ಮರ್ಯಾದೆ ಆಗಲೇಬೇಕು. ಆದರೆ ನನ್ನದೊಂದು ಪ್ರಶ್ನೆ. ನೀವು ಕಂಡುಕೊಂಡದ್ದು ಯಾರಿಗೆ ಮೊದಲು ಗೊತ್ತಾಗಬೇಕೋ ಅವರಿಗೆ ಗೊತ್ತಾಗಿದೆಯಾ? ಅಥವಾ ಅವರೂ ಚಪ್ಪಾಳೆ ತಟ್ಟೋಕೆ ಬಂದು ಇಲ್ಲೇ ಮೊದಲು ಕೇಳ್ತಾರಾ?

ಓದಿದವರಿಗೆ ಮಾತ್ರ ಹೇಳ್ತಿದ್ದೀನಿ ಅಂತ ಉಳಿದವರು ಹಾಯಾಗಿ ಕೂರಬೇಡಿ. ಪಕ್ಕದ ಮನೆಯ ಕರೆಂಟು ತಂತಿ ಜೋತುಬಿದ್ದಿರುವುದು ನಿಮಗೆ ಗೊತ್ತು. ನಿಮ್ಮ ಕ್ಲಾಸಿನ ಮಗುವಿಗೆ ಬೋರ್ಡು ಕಾಣುತ್ತಿಲ್ಲ ಅಂತ ನಿಮಗೆ ಗೊತ್ತು, ಪೋಷಕರ ಸಭೆ ಬರಲಿ ಅಂತ ಇದ್ದೀರಿ. ಅಣ್ಣನ ಕೆಮ್ಮು ಸಾಮಾನ್ಯದ್ದಲ್ಲ ಅಂತ ಗೊತ್ತು, ಹಬ್ಬ ಕಳೆಯಲಿ ಅಂತ ಇದ್ದೀರಿ. ನನ್ನ ಮನೆಯಲ್ಲೂ ಇಂಥದ್ದೊಂದಿದೆ; ಇದನ್ನು ಬರೆಯುವಾಗ ನೆನಪಾಗಿ ನಾಚಿಕೆಯಾಯಿತು. ಬೆಳಿಗ್ಗೆ ಹೋಗಿ ಹೇಳಿ ಬಂದೆ.

ನಾಳೆಯಿಂದ ಅಲ್ಲ, ಇವತ್ತಿನಿಂದ ಒಂದು ರೂಢಿ ಮಾಡಿಕೊಳ್ಳಿ. ಇನ್ನೊಬ್ಬರ ಜೀವಕ್ಕೆ ಸಂಬಂಧಪಟ್ಟದ್ದು ನಿಮಗೆ ತಿಳಿದರೆ, ಆ ದಿನದ ಊಟಕ್ಕೆ ಕೂರುವ ಮೊದಲು ಅವರಿಗೆ ತಲುಪಿಸಿ. ಪೂರ್ತಿ ಖಚಿತ ಇಲ್ಲದಿದ್ದರೆ, ಖಚಿತ ಇಲ್ಲ, ಆದರೂ ಎಚ್ಚರವಾಗಿರಿ ಅಂತ ಹೇಳಿ. ಅಷ್ಟು ಹೇಳೋಕೆ ಯಾವ ವೇದಿಕೆಯೂ ಬೇಡ. ಇನ್ನೊಂದು, ನಿಮಗೆ ಟೀ ಕೊಡುವವರಿಗೆ ಅವರ ಊರು ಯಾವುದು ಅಂತ ಕೇಳಿ.

ಈಗ ಸನ್ಮಾನ ಶುರುವಾಗಬೇಕು. ಅದಕ್ಕೆ ಮುಂಚೆ ನಾನು ಐದು ನಿಮಿಷ ಸುಮ್ಮನೆ ಕೂರ್ತೀನಿ. ಯಾರಿಗಾದರೂ ಏನಾದರೂ ಹೇಳುವುದು ಬಾಕಿ ಇದೆ ಅನ್ನಿಸಿದರೆ, ಎದ್ದು ಹೊರಗೆ ಹೋಗಿ ಫೋನ್ ಮಾಡಿ ಬನ್ನಿ. ಪ್ರವಚನದ ಮಧ್ಯೆ ಎದ್ದರು ಅಂತ ನಾನು ಬೇಸರ ಮಾಡಿಕೊಳ್ಳುವುದಿಲ್ಲ. ಶಾಲುಗಳು ಅಲ್ಲೇ ಇರುತ್ತವೆ, ಅವಕ್ಕೆ ಕಾಯೋಕೆ ಬರುತ್ತೆ. ಬೋರಿನ ಮುಂದೆ ಬಿಂದಿಗೆ ಹಿಡಿದು ನಿಂತವಳಿಗೆ, ನಿಮ್ಮ ಮಾತಿಗೆ ಕಾಯಬೇಕು ಅನ್ನುವುದೇ ಗೊತ್ತಿಲ್ಲ.

ಏಳಿ. ನಾವು ಇಲ್ಲೇ ಇರ್ತೀವಿ.