ಲಗ್ನಪತ್ರಿಕೆಯ ಸ್ಟಿಕರ್

ಯಲಹಂಕದ ಜೆರಾಕ್ಸ್ ಅಂಗಡಿಯ ಸರದಿಯಲ್ಲಿದ್ದ ವನಿತಾಳ ಕಿವಿಗೆ ಮುಂದೆ ನಿಂತಿದ್ದ ಅಣ್ಣ-ತಂಗಿಯ ಮಾತು ಬಿತ್ತು. ಅಣ್ಣನ ಮಗಳ ಲಗ್ನಪತ್ರಿಕೆಗೆ ಅಂಟಿಸುವ ವಿಳಾಸದ ಸ್ಟಿಕರ್‌ಗಳು ಆಗಷ್ಟೇ ಪ್ರಿಂಟಾಗಿ ಬಂದಿದ್ದವು. ತಪ್ಪಿದೆಯೇ ಎಂದು ತಂಗಿ ಓದಿ ನೋಡುತ್ತಿದ್ದಳು.

"ಅಣ್ಣಾ, ಇದ್ರಲ್ಲಿ ನನ್ನ ಹೆಸರೂ ಇದೆಯಲ್ಲ?"

"ಕೊರಿಯರ್‌ಗೆ ಕಣೇ ಶಶಿ."

"ಒಡಹುಟ್ಟಿದವಳಿಗೆ ಕೊರಿಯರ್ರಾ? ಮನೆಗೆ ಬಂದು ಕುಂಕುಮ ಇಟ್ಟು ಕರೆಯಲ್ವಾ?"

"ಚಿಕ್ಕಬಾಣಾವರಕ್ಕೆ ಬಂದ್ರೆ ಅರ್ಧ ದಿನ ಹೋಗತ್ತೆ. ಟೈಮೆಲ್ಲಿದೆ ಹೇಳು?"

"ಅತ್ತಿಗೆ ತಂಗಿ ಹೆಸರೇ ಇಲ್ವಲ್ಲ?"

"ಅವರನ್ನ ಭಾನುವಾರಾನೇ ಹೋಗಿ ಕರೆದು ಬಂದ್ವಿ."

"ಅವಳ ಮನೆ ನಮ್ಮನೆ ಹಿಂದಿನ ಬೀದೀಲೇ ಅಲ್ವಾ ಅಣ್ಣಾ?"

ಅಣ್ಣ ಪ್ರಿಂಟರ್ ಕಡೆ ನೋಡಿದ. ಶಶಿ ತನ್ನ ಹೆಸರಿನ ಸ್ಟಿಕರನ್ನು ಬಿಡಿಸಿ ಅವನ ಅಂಗಿಯ ಜೇಬಿನ ಮೇಲೆ ಮೆಲ್ಲಗೆ ಅಂಟಿಸಿದಳು.

"ಇಟ್ಕೋ. ನಮ್ಮನೆ ದಾರಿ ಮರೆತಿರೋನು ನೀನು."

ಅಂದವಳೇ ಹಿಂದಿರುಗಿ ನೋಡದೆ ಬಸ್ ಸ್ಟಾಪಿನತ್ತ ನಡೆದುಬಿಟ್ಟಳು.